ತಾರೀಖು ಬರೆಯದ ಚೀಟಿ

“ನಿಲ್ಲಿ! ರೀ... ನಿಮಗೇ ಹೇಳ್ತಿರೋದು, ನಿಲ್ಲಿ!”

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ನೆಲ್ ಬಕ್ಲರ್ ಮೊಣಕಾಲೂರಿ ಕೂತುಬಿಟ್ಟಿದ್ದಳು.



ಫೆಬ್ರವರಿಯ ಬೆಳಗು. ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರು ಇಳಿತಕ್ಕೆ ಹಿಂದೆ ಸರಿದು, ವಿಲೋ ಹಳ್ಳದ ತಡಿಯಲ್ಲಿ, ಕಡಿದಾದ ಮಣ್ಣಿನ ದಿಬ್ಬದ ಕೆಳಗೆ, ಜಲ್ಲಿಯ ಪಟ್ಟೆಯೊಂದನ್ನು ಬಿಟ್ಟುಹೋಗಿತ್ತು. ಆ ಜಲ್ಲಿಯ ನಡುವೆ, ಒಡೆದ ಚಿಪ್ಪುಗಳ ಪಕ್ಕದಲ್ಲಿ, ಅವಳ ಅಂಗೈಯಷ್ಟು ಅಗಲದ ಹಲ್ಲು!

ದೊಡ್ಡ ಶಾರ್ಕಿನದು. ಲಕ್ಷ ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋದ ಮೆಗಲೊಡಾನಿನದು. ಬೇರಿನಿಂದ ತುದಿಯವರೆಗೆ ಒಂದು ಚೂರೂ ಮುಕ್ಕಾಗಿರಲಿಲ್ಲ. ಅಂಚಿನ ಗರಗಸ ಬೆರಳಿಗೆ ಕರಕರ ಅನ್ನುತ್ತಿತ್ತು.

‘ಇಲ್ಲ... ಇದು ನಿಜ ಅಲ್ಲ. ಕಣ್ಣು ಮುಚ್ಚಿ ತೆಗೆದರೆ ಬರೀ ಕಲ್ಲಾಗಿರುತ್ತೆ.’

ಮುಚ್ಚಿದಳು. ತೆಗೆದಳು. ಹಲ್ಲು ಹಲ್ಲಾಗಿಯೇ ಇತ್ತು!

“ಅಪ್ಪಾ!” ಅವಳು ಕೂಗಿದಳು. “ಸಿಕ್ತು ಅಪ್ಪಾ! ನೀನು ಹೋದ್ಮೇಲೆ ಸಿಕ್ತಲ್ಲಪ್ಪಾ...”

ಓಡಿ ಬರುತ್ತಿದ್ದವನು ನಾಲ್ಕು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತ. ಎತ್ತರದ ಆಳು. ಎಂಜಿನ್ ಎಣ್ಣೆಯ ಕಲೆ ಹಿಡಿದ ಹಳೆಯ ಕೋಟು. ಮುಖದಲ್ಲಿ ರಕ್ತವೇ ಇರಲಿಲ್ಲ.

“ದಿಬ್ಬ ಕುಸಿಯುತ್ತೆ ಅಂತ ಕೂಗಿದ್ರಾ?” ನೆಲ್ ಅಳುತ್ತಲೇ ನಕ್ಕಳು. “ಗೊತ್ತು ನಂಗೆ, ಇಷ್ಟು ಹತ್ರ ಬರಬಾರದು. ಆದ್ರೆ ನೋಡಿ... ನೋಡಿ ಇದನ್ನ! ನಮ್ಮಪ್ಪ ನಲವತ್ತು ವರ್ಷ ಹುಡುಕಿದ್ದು!”

“ನಿಮ್ಮಪ್ಪ...?”

“ಆರಿನ್ ಬಕ್ಲರ್. ಹೋದ ಏಪ್ರಿಲ್‌ನಲ್ಲಿ ತೀರ್ಕೊಂಡ್ರು.”

 ಅವನ ಬಲಗೈ ಕೋಟಿನ ಜೇಬಿಗೆ ಹೋಗಿ ಹಾಗೆಯೇ ಹೊರಬಂತು.

“ತೀರ್ಕೊಂಡ್ರಾ...” ಅಂದ, ಯಾರಿಗೋ ಹೇಳುವಂತೆ.

ಮುಂದಿನ ಗಳಿಗೆ ನೆಲ್‌ಗೆ ಇವತ್ತಿಗೂ ನಾಚಿಕೆ ತರುತ್ತದೆ. ಹೆಸರೂ ಗೊತ್ತಿಲ್ಲದ ಆ ಮನುಷ್ಯನ ಎದೆಗೆ ಮುಖ ಒತ್ತಿ ಅವಳು ಬಿಕ್ಕಿ ಬಿಕ್ಕಿ ಅತ್ತಳು! ಅವನ ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ತೂಗಿ, ಕೊನೆಗೆ ಅವಳ ಬೆನ್ನ ಮೇಲೆ ಮೆಲ್ಲಗೆ ಇಳಿದವು.

“ಒಳ್ಳೇ ಹಲ್ಲು,” ಅಂದ. “ಅವ್ರಿಗೆ... ತುಂಬ ಇಷ್ಟ ಆಗಿರ್ತಿತ್ತು.”

---

ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪನ ಬೀರು ಇತ್ತು. ಎಪ್ಪತ್ತೆರಡು ಚಪ್ಪಟೆ ಡ್ರಾಯರು. ಕಿರುಬೆರಳುದ್ದದ ಹಲ್ಲುಗಳು, ಡಾಲ್ಫಿನ್ನಿನ ಕಿವಿಮೂಳೆಗಳು, ಕಡಲಹಸುವಿನ ಪಕ್ಕೆಲುಬಿನ ತುಂಡುಗಳು. ಡ್ರಾಯರಿನಲ್ಲಿ ಹಿಡಿಸದ ತಿಮಿಂಗಿಲದ ಬೆನ್ನುಮೂಳೆಯೊಂದು ಬಾಗಿಲಿಗೆ ಅಡ್ಡಗಲ್ಲಾಗಿ ಕೂತಿತ್ತು. ಪ್ರತಿಯೊಂದಕ್ಕೂ ಒಂದು ಚೀಟಿ. ಏನು, ಎಲ್ಲಿ, ಯಾವಾಗ, ಯಾರು.

“ಚೀಟಿ ಸುಳ್ಳು ಹೇಳಿದ್ರೆ ಮೂಳೆ ಬರೀ ಕಲ್ಲು ಕಣೇ,” ಅನ್ನುತ್ತಿದ್ದರು ಅಪ್ಪ.

ಮೇಲಿನ ಸಾಲಿನ ನಡುವಿನ ಡ್ರಾಯರಿನಲ್ಲಿ ಮಾತ್ರ ಚೀಟಿ ಇತ್ತು, ಹಲ್ಲಿರಲಿಲ್ಲ. ಅಪ್ಪ ತಮ್ಮ ಮದುವೆಯ ವರ್ಷವೇ ಬರೆದಿಟ್ಟ ಚೀಟಿ: ‘ದೊಡ್ಡ ಶಾರ್ಕ್. ಪೂರ್ತಿ ಹಲ್ಲು. ವಿಲೋ ಹಳ್ಳದ ತಡಿ. ತಾರೀಖು:’

ಮುಂದೆ ಖಾಲಿ.

ಬೀರನ್ನು ಊರಿನ ಪುಟ್ಟ ಮ್ಯೂಸಿಯಂಗೆ ಕೊಡಬೇಕೆಂಬುದು ಅಪ್ಪನ ಆಸೆ. ಮೇ ತಿಂಗಳಲ್ಲಿ ಕೊಡುವುದೆಂದು ನಿಗದಿಯಾಗಿತ್ತು. ಆ ಒಂದು ಡ್ರಾಯರು ಖಾಲಿ ಇರುವಾಗ ಕೊಡಲು ನೆಲ್‌ಗೆ ಮನಸ್ಸೇ ಬರುತ್ತಿರಲಿಲ್ಲ. ಅದಕ್ಕೆಂದೇ ಅವಳು ಚಳಿಯಲ್ಲೂ ಒಂದು ಇಳಿತ ಬಿಡದೆ ತಡಿ ನಡೆದಿದ್ದಳು.

ಹಲ್ಲನ್ನು ಚೀಟಿಯ ಮೇಲಿಟ್ಟಾಗ ಒಂದು ಸಣ್ಣ ಅನುಮಾನ ಸುಳಿಯಿತು.

‘ಇಷ್ಟು ಕಪ್ಪಾ? ನಮ್ಮ ತಡಿಯ ಹಲ್ಲು ಬೂದಿ ಬಣ್ಣದ್ದಲ್ವಾ?’

ತಕ್ಷಣ ಡ್ರಾಯರು ಮುಚ್ಚಿದಳು. ತಡಿಯಲ್ಲಿ ಹಲ್ಲು, ಮೂಳೆ ಹೆಕ್ಕುವವರ ಸಂಘದ ಅಧ್ಯಕ್ಷೆ ಮಿಸ್ ವರ್ನಾಳ ಭೂತಗನ್ನಡಿಗೆ ತೋರಿಸಲೂ ಇಲ್ಲ. ತಾರೀಖನ್ನು ಮೇ ತಿಂಗಳಲ್ಲಿ, ಅಪ್ಪನ ಗೆಳೆಯರೆಲ್ಲರ ಎದುರು ಬರೆಯುತ್ತೇನೆ ಅಂದುಕೊಂಡಳು.

---

ಅವನ ಹೆಸರು ವೇಡ್ ಮ್ಯಾಟಿಂಗ್ಲಿ. ಹದಿನಾಲ್ಕು ವರ್ಷ ದಕ್ಷಿಣ ಕರೋಲಿನಾದಲ್ಲಿದ್ದು, ಈಗಷ್ಟೇ ಊರಿಗೆ ಮರಳಿ ದೋಣಿ ಎಂಜಿನ್ ರಿಪೇರಿಗೆ ಸೇರಿದ್ದ. ಅಲ್ಲಿ ರಜಾದಿನಗಳಲ್ಲಿ ನದಿಯ ತಳಕ್ಕೆ ಮುಳುಗಿ ಹಲ್ಲು ಹೆಕ್ಕುತ್ತಿದ್ದನಂತೆ.

“ಕಪ್ಪು ನೀರು. ಕೈ ಮುಂದೆ ಹಿಡಿದ್ರೆ ಕೈ ಕಾಣಲ್ಲ,” ಅಂದಿದ್ದ ಒಮ್ಮೆ. “ಹಣೆಗೆ ಕಟ್ಟಿದ ದೀಪ ಒಂದೇ.”

“ಭಯ ಆಗ್ತಿರ್ಲಿಲ್ವಾ?”

“ನೀವು ದಿನಾ ಮನುಷ್ಯರ ಬಾಯೊಳಗೆ ದೀಪ ಬಿಡ್ತೀರಲ್ಲ, ನಿಮ್ಗೆ ಆಗಲ್ವಾ?”

ನೆಲ್ ನಕ್ಕುಬಿಟ್ಟಳು. ಅವಳು ಹಲ್ಲಿನ ವೈದ್ಯರ ಬಳಿ ಸಹಾಯಕಿ. ಸಂಘದ ಡಚ್ ಎಂಬ ಮುದುಕ ಅವಳನ್ನು ಕಂಡಾಗಲೆಲ್ಲ, “ಏನಮ್ಮಾ, ಬೆಳಿಗ್ಗೆ ಶಾರ್ಕ್, ಮಧ್ಯಾಹ್ನ ಮನುಷ್ಯ... ಯಾರ ಹಲ್ಲು ವಾಸಿ?” ಎಂದು ಕೆಣಕುತ್ತಿದ್ದ.

ಮಾರ್ಚ್ ಬರುವಷ್ಟರಲ್ಲಿ ಅವರಿಬ್ಬರೂ ಒಂದೇ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದರು. ಸೊಪ್ಪು ತುಂಬಿಸಿದ ಹಂದಿಮಾಂಸದ ಸ್ಯಾಂಡ್‌ವಿಚ್ಚನ್ನು ಅವನು ಎರಡು ಮಾಡಿ ದೊಡ್ಡ ತುಂಡನ್ನು ಅವಳಿಗೆ ಕೊಡುತ್ತಿದ್ದ. ‘ನೀವು’ ಯಾವತ್ತು ‘ನೀನು’ ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದೇ ವಿಚಿತ್ರ. ಅವಳು ಆ ಹಲ್ಲಿನ ಮಾತೆತ್ತಿದರೆ ಅವನು ನೀರಿನ ಕಡೆ ನೋಡುತ್ತಿದ್ದ.

ಏಪ್ರಿಲ್‌ನ ಒಂದು ಶನಿವಾರ. ಸಂಘದವರು ಶಾಲೆಯ ಮಕ್ಕಳನ್ನು ತಡಿಗೆ ಕರೆತರುವ ದಿನ. ಮಕ್ಕಳು ಬರುವ ಮುಂಚೆ, ಪ್ರತಿ ವರ್ಷದಂತೆ, ಮಿಸ್ ವರ್ನಾ ಎಲ್ಲರ ಕೈಗೂ ಒಂದೊಂದು ಹಿಡಿ ಸಣ್ಣ ಹಲ್ಲು ಕೊಟ್ಟಳು. ಕಾಳು ಬಿತ್ತುವ ಹಾಗೆ ಮರಳಿನ ಮೇಲೆ ಚೆಲ್ಲಬೇಕು. ಬಂದ ಮಗುವೊಂದೂ ಬರಿಗೈಯಲ್ಲಿ ಹೋಗಬಾರದು!

“ಇದು ಮೋಸ ಅಲ್ವಾ, ಮಿಸ್ ವರ್ನಾ?” ನೆಲ್ ಕೇಳಿದಳು.

“ಇವೆಲ್ಲ ಇದೇ ತಡಿಯವು ಕಣಮ್ಮಾ. ಇಲ್ಲಿಂದ ಎತ್ತಿದ್ದು, ಇಲ್ಲಿಗೇ ಹಾಕಿದ್ದು. ಬೇರೆ ಊರಿನ ಹಲ್ಲು ತಂದು ಇಲ್ಲಿ ಹಾಕಿ, ಅದಕ್ಕೆ ಚೀಟಿ ಬರೆದ್ರೆ... ಅದು ಮೋಸ.”

ಪಕ್ಕದಲ್ಲಿ ವೇಡ್‌ನ ಕೈಯಿಂದ ಹಲ್ಲುಗಳು ಒಟ್ಟಿಗೆ ಜಾರಿ ಬಿದ್ದವು.

“ನಂಗೆ ಮಾತ್ರ ಯಾರೂ ಹೀಗೆ ಚೆಲ್ಲಿರ್ಲಿಲ್ಲಪ್ಪ,” ನೆಲ್ ಹೆಮ್ಮೆಯಿಂದ ಅಂದಳು. “ಆರು ವರ್ಷ ನಂಗೆ. ಅಪ್ಪ ಹತ್ತು ಹೆಜ್ಜೆ ಮುಂದಿದ್ರು. ಅವ್ರ ಕಣ್ಣಿಗೇ ಬೀಳದ ಹಲ್ಲು ನನ್ನ ಕಣ್ಣಿಗೆ ಬಿತ್ತು! ಅವತ್ತಿಂದಾನೇ ಈ ಹುಚ್ಚು.”

“ನೆಲ್...” ವೇಡ್ ಅವಳ ತೋಳು ಹಿಡಿದ. “ನಿಂಗೊಂದು ವಿಷಯ ಹೇಳ್ಬೇಕು.”

ನೆಲ್ ಅವನ ಕಡೆ ತಿರುಗಿದಳು. ‘ಹೇಳು... ಹೇಳಿಬಿಡು!’

ದಿಬ್ಬದ ಆಚೆಯಿಂದ ಮಕ್ಕಳ ಗದ್ದಲ ನುಗ್ಗಿ ಬಂತು. ವೇಡ್ ಅವಳ ಹೊಳೆಯುವ ಮುಖ ನೋಡಿದ. ಕೈ ಬಿಟ್ಟ.

“ಏನಿಲ್ಲ. ಆಮೇಲೆ.”

---

ಮೇ ತಿಂಗಳ ಎರಡನೇ ಭಾನುವಾರ ಮ್ಯೂಸಿಯಂನ ಕೋಣೆಯಲ್ಲಿ ಮೂವತ್ತು ಜನ ಸೇರಿದ್ದರು. ಅಪ್ಪನ ಬೀರಿಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದರು. ನಡುವಿನ ಡ್ರಾಯರು ಮೇಜಿನ ಮೇಲಿತ್ತು. ಹಲ್ಲು, ಪಕ್ಕದಲ್ಲಿ ಚೀಟಿ, ಅದರ ಪಕ್ಕ ಅಪ್ಪನ ಶಾಯಿ ಪೆನ್ನು.

“ಬರಿ ಮಗಳೇ,” ಮಿಸ್ ವರ್ನಾ ಕಣ್ಣೊರೆಸಿಕೊಂಡಳು. “ಆರಿನ್ ನೋಡ್ತಿರ್ತಾನೆ.”

ನೆಲ್ ಪೆನ್ನು ಎತ್ತಿಕೊಂಡಳು. ನಿಬ್ಬು ಕಾಗದಕ್ಕೆ ತಾಕಲು ಕೂದಲೆಳೆಯಷ್ಟು ಉಳಿದಿತ್ತು.

“ಬರೀಬೇಡ!”

ಇಡೀ ಕೋಣೆ ತಿರುಗಿತು.

ವೇಡ್ ಬಾಗಿಲ ಬಳಿ ನಿಂತಿದ್ದ. ಫೆಬ್ರವರಿಯಲ್ಲಿ ಕಂಡ ಅದೇ ಬಿಳುಚಿದ ಮುಖ.

“ಬರೀಬೇಡ ನೆಲ್. ಆ ಹಲ್ಲು ಇಲ್ಲಿದ್ದಲ್ಲ.”

“ಏನು... ಏನಂದೆ?”

“ಕರೋಲಿನಾ ನದಿ ತಳದ್ದು. ನಾನೇ ತೆಗೆದಿದ್ದು. ಅವತ್ತು ನನ್ನ ಕೋಟಿನ ಜೇಬಲ್ಲಿತ್ತು. ಜೇಬು ಹರಿದಿದ್ದು ಗೊತ್ತಾಗ್ಲಿಲ್ಲ. ಹಿಂದೆ ತಿರುಗಿ ನೋಡಿದಾಗ... ನೀನು ಎತ್ಕೊಂಡಿದ್ದೆ.”

ಮಿಸ್ ವರ್ನಾ ಭೂತಗನ್ನಡಿ ತೆಗೆದು ಹಲ್ಲಿನ ಬೇರಿಗೆ ಹಿಡಿದಳು. ಅವಳ ಭುಜ ನಿಧಾನಕ್ಕೆ ಇಳಿಯಿತು. ಅಷ್ಟೇ ಸಾಕಾಯಿತು.

ನೆಲ್ ಪೆನ್ನು ಕೆಳಗಿಟ್ಟಳು. ಆ ಕೂಗು... ‘ನಿಲ್ಲಿ’ ಅಂದಿದ್ದು ದಿಬ್ಬದ ಭಯಕ್ಕಲ್ಲ! ಜೇಬಿಗೆ ಹೋಗಿ ಬಂದ ಆ ಕೈ... ನೀರಿನ ಕಡೆ ತಿರುಗುತ್ತಿದ್ದ ಆ ಕಣ್ಣು... ಮೂರು ತಿಂಗಳು!

“ಅಯ್ಯೋ, ಮಕ್ಕಳಿಗೆ ಚೆಲ್ತೀವಲ್ಲ, ಹಾಗಾಯ್ತಲ್ಲಪ್ಪ!” ಡಚ್‌ನ ಬಾಯಿಂದ ಜಾರಿತು. ಯಾರೋ ಪಿಸಕ್ಕನೆ ನಕ್ಕು ತಡೆದುಕೊಂಡರು.

ಆ ನಗು ಅವಳೆದೆಗೆ ಚುಚ್ಚಿತು.

“ನೆಲ್, ಅದನ್ನ ಯಾಕೆ ತಂದಿದ್ದೆ ಅಂತ ಕೇಳು, ಒಂದೇ ಒಂದು...”

“ನಾನು ಅಳ್ತಿದ್ದೆ ಅಂತ ಪಾಪ ಅನ್ಸ್ತಾ ನಿಮ್ಗೆ?”

‘ನಿಮ್ಗೆ’. ಆ ಒಂದು ಮಾತಿಗೆ ಅವನು ಏಟು ತಿಂದವನಂತೆ ಹಿಂದೆ ಸರಿದ.

“ಒಂದು ಸಾಲು, ಇನ್ನೊಂದು ಗಳಿಗೆಯಲ್ಲಿ ಬರೆದಿರ್ತಿದ್ದೆ! ನಮ್ಮಪ್ಪನ ನಲವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಚೀಟಿ... ಅದು ನನ್ನ ಕೈಯಿಂದ!” ಅವಳು ಹಲ್ಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. “ತಗೊಳ್ಳಿ. ನಿಮ್ಮದು ನಿಮ್ಮ ಹತ್ರಾನೇ ಇರ್ಲಿ.”

ಚೀಟಿ ಮಾತ್ರ ಜೇಬಿಗಿಟ್ಟುಕೊಂಡು ಹೊರಟುಬಿಟ್ಟಳು.

---

ಒಂದು ವಾರ ಅವಳು ತಡಿಗೆ ಕಾಲಿಡಲಿಲ್ಲ. ಫೋನು ಎತ್ತಲಿಲ್ಲ.

‘ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಾಕೆ ಹೇಳಿದ? ಹೇಳುವವನು ಮೊದಲೇ ಯಾಕೆ ಹೇಳಲಿಲ್ಲ?’

ಈ ಎರಡು ಪ್ರಶ್ನೆಗಳ ಅಡಿಯಲ್ಲಿ ಮೂರನೆಯದೊಂದು ಸದ್ದಿಲ್ಲದೆ ಕೂತಿತ್ತು. ‘ನಾನು ಯಾಕೆ ಭೂತಗನ್ನಡಿಗೆ ತೋರಿಸಲಿಲ್ಲ?’

ಮುಂದಿನ ಭಾನುವಾರ ಮಧ್ಯಾಹ್ನ ಮಿಸ್ ವರ್ನಾ ಮ್ಯೂಸಿಯಂಗೆ ಕರೆದಳು. ಚೀಟಿಗಳನ್ನೆಲ್ಲ ಪುಸ್ತಕಕ್ಕೆ ನಕಲು ಮಾಡಬೇಕಿತ್ತು. ಮಿಸ್ ವರ್ನಾ ಬರೆಯುವುದು, ನೆಲ್ ಓದಿ ಹೇಳುವುದು.

“ಹದಿನೇಳನೇ ಡ್ರಾಯರು. ಡಾಲ್ಫಿನ್ ಕಿವಿಮೂಳೆ, ಎಡಗಡೆಯದು. ಕೊಟ್ಟವನು ಬಾತುಕೋಳಿ.” ನೆಲ್ ಬೇಸರದಲ್ಲೂ ಸಣ್ಣಗೆ ನಕ್ಕಳು. “ಎಲ್ಲರಿಗೂ ಒಂದೊಂದು ಅಡ್ಡಹೆಸರು ನಮ್ಮಪ್ಪನದು.”

ಹದಿನೆಂಟನೆಯದು ಅವಳದೇ ಹಲ್ಲು. ಆರು ವರ್ಷದವಳಿದ್ದಾಗ ಸಿಕ್ಕಿದ್ದು. ‘ಸಿಕ್ಕಿದ್ದು ನೆಲ್‌ಗೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದನ್ನು ನೂರು ಸಲ ಓದಿದ್ದಳು.

“ಹಿಂದೆ ಏನಾದ್ರೂ ಇದೆಯಾ ನೋಡು. ಕೆಲವಕ್ಕೆ ಹಿಂಬದೀಲೂ ಬರ್ದಿದ್ದಾನೆ,” ಅಂದಳು ಮಿಸ್ ವರ್ನಾ.

ನೆಲ್ ಚೀಟಿ ಮಗುಚಿದಳು.

ಓದಿದಳು. ಮತ್ತೊಮ್ಮೆ ಓದಿದಳು!

‘ನನಗೆ ಸಿಕ್ಕಿದ್ದು ಸೋಮವಾರ. ಬುಧವಾರ ಅವಳ ದಾರಿಯಲ್ಲಿ ನಾನೇ ಇಟ್ಟೆ. ಅವಳ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಚೀಟಿಗಾದರೂ ನಿಜ ಹೇಳುತ್ತಿದ್ದೇನೆ.’

“ಮಿಸ್ ವರ್ನಾ...” ಅವಳು ಚೀಟಿಯನ್ನು ಮುಂದೆ ಚಾಚಿದಳು. “ಅಪ್ಪ... ಅಪ್ಪಾನೇ ಇಟ್ಟಿದ್ದಂತೆ! ನಂಗೆ ಹೇಳ್ಲೇ ಇಲ್ಲ!”

ಮುದುಕಿ ಕನ್ನಡಕ ತೆಗೆದಳು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು.

“ಆರಿನ್‌ಗೆ ಇಪ್ಪತ್ತೇಳು ವರ್ಷ ಬಾಯಿ ಬರ್ಲಿಲ್ಲ ನೋಡು,” ಅಂದಳು. “ಆ ಹುಡುಗನಿಗೆ ಮೂರೇ ತಿಂಗಳಲ್ಲಿ ಬಂತು. ಅದೂ ಮೂವತ್ತು ಜನರ ಎದುರು, ನೀನು ಕೈಬಿಟ್ಟು ಹೋಗ್ತೀಯ ಅಂತ ಗೊತ್ತಿದ್ದೂ.”

ನೆಲ್ ಎದ್ದು ನಿಂತಳು.

“ಇಳಿತ ಎಷ್ಟು ಗಂಟೆಗೆ ಇವತ್ತು?”

“ನಾಲ್ಕೂವರೆ. ಓಡು!”

---

ವೇಡ್ ವಿಲೋ ಹಳ್ಳದ ಬಾಯಲ್ಲಿ, ನೀರಿನಂಚಿನಲ್ಲಿ ಕೂತಿದ್ದ. ಮೇ ತಿಂಗಳ ಬಿಸಿಲಿನಲ್ಲೂ ಆ ಕೋಟು ಮಡಿಲಲ್ಲಿತ್ತು. ಹೆಜ್ಜೆಯ ಸದ್ದಿಗೆ ತಿರುಗಿದವನು ಧಡಕ್ಕನೆ ಎದ್ದ.

“ನೆಲ್!”

ಅವಳು ಏದುಸಿರು ಬಿಡುತ್ತಿದ್ದಳು. ಹೇಳಬೇಕೆಂದುಕೊಂಡಿದ್ದೆಲ್ಲ ದಾರಿಯಲ್ಲೇ ಉದುರಿಹೋಗಿತ್ತು.

“ಯಾಕೆ ತಂದಿದ್ದೆ ಅದನ್ನ ಇಲ್ಲಿಗೆ? ಅವತ್ತು ಕೇಳು ಅಂದೆ, ನಾನು ಕೇಳ್ಲಿಲ್ಲ. ಈಗ ಕೇಳ್ತಿದ್ದೀನಿ.”

ಅವನು ಕೋಟನ್ನು ತೋಳಿನ ಮೇಲೆ ಹಾಕಿಕೊಂಡ.

“ಆರಿನ್ ಸಾಹೇಬ್ರಿಗೆ ತೋರ್ಸೋಕೆ.”

“ಏನು? ನಿಂಗೆ... ನಿಂಗೆ ನಮ್ಮಪ್ಪ ಗೊತ್ತಾ?!”

“ಈ ಚಟ ಹತ್ಸಿದ್ದೇ ಅವ್ರು. ಇಪ್ಪತ್ತು ವರ್ಷದವನಿದ್ದಾಗ ಇಲ್ಲೇ ದೋಣಿಕಟ್ಟೇಲಿ ಕೆಲ್ಸಕ್ಕಿದ್ದೆ. ನೀನಾಗ ಬಾಲ್ಟಿಮೋರಲ್ಲಿ ಓದ್ತಿದ್ದೆ ಅನ್ಸುತ್ತೆ. ಹಿಮ ಬಿದ್ರೂ ನೀರಿಗೆ ಹಾರ್ತೀನಿ ಅಂತ ನನ್ನನ್ನ ಬಾತುಕೋಳಿ, ಬಾತುಕೋಳಿ ಅಂತ ಕರೀತಿದ್ರು.”

ನೆಲ್ ಬಾಯಿಗೆ ಕೈ ಅಡ್ಡ ಹಿಡಿದಳು. ಹದಿನೇಳನೇ ಡ್ರಾಯರು!

“ಆ ಹಲ್ಲು ಸಿಕ್ಕಿದ ದಿನಾನೇ ಅಂದ್ಕೊಂಡಿದ್ದೆ, ಮೊದಲು ಅವ್ರಿಗೆ ತೋರಿಸ್ಬೇಕು ಅಂತ. ಊರಿಗೆ ಬಂದ ಮಾರನೇ ಬೆಳಿಗ್ಗೆ ತಡಿಗೆ ಓಡಿಬಂದೆ. ಇಳಿತದ ಹೊತ್ತಲ್ಲಿ ಅವ್ರು ಇಲ್ಲೇ ಅಲ್ವಾ ಇರ್ತಿದ್ರು?” ಅವನು ಮರಳಿನ ಕಡೆ ಕೈ ತೋರಿಸಿದ. “ಹಲ್ಲು ಬಿತ್ತು ಅಂತ ತಿರುಗಿ, ಕೂಗ್ತಾ ಓಡಿಬಂದ್ರೆ ನೀನು ‘ಅಪ್ಪಾ, ನೀನು ಹೋದ್ಮೇಲೆ’ ಅಂತ ಅಳ್ತಿದ್ದೆ. ಅವ್ರು ಇಲ್ಲ ಅಂತ ನಂಗೆ ಗೊತ್ತಾಗಿದ್ದೇ ಅವಾಗ, ನೆಲ್. ಪಾಪ ಅಂತ ಬಿಟ್ಟಿದ್ದಲ್ಲ. ಅದು ಯಾರಿಗೆ ಸೇರ್ಬೇಕೋ ಅವ್ರ ಮನೆಗೇ ಹೋಗ್ತಿದೆ ಅನ್ನಿಸ್ತು.”

“ಮತ್ತೆ... ಅವ್ರು ಪರಿಚಯ ಅಂತಾನಾದ್ರೂ ಹೇಳ್ಬಾರ್ದಿತ್ತಾ?”

“ಅದನ್ನ ಹೇಳಿದ್ರೆ ಹಲ್ಲಿನ ವಿಷಯಾನೂ ಹೇಳ್ಬೇಕಿತ್ತು. ಮೊದಲ ದಿನ ಧೈರ್ಯ ಬರ್ಲಿಲ್ಲ. ಆಮೇಲೆ... ಆಮೇಲೆ ನಿನ್ನನ್ನ ಕಳ್ಕೊಳ್ಳೋ ಧೈರ್ಯ ಬರ್ಲಿಲ್ಲ.”

ಅಲೆಯೊಂದು ಬಂದು ಇಬ್ಬರ ಬೂಟನ್ನೂ ನೆನೆಸಿ ಹೋಯಿತು. ಯಾರೂ ಸರಿಯಲಿಲ್ಲ.

“ನಂಗೂ ಗೊತ್ತಿತ್ತು ಕಣೋ,” ನೆಲ್ ಪಿಸುಗುಟ್ಟಿದಳು.

“ಏನು?”

“ಅಷ್ಟು ಕಪ್ಪು ಹಲ್ಲು ಇಲ್ಲಿ ಬರಲ್ಲ ಅಂತ. ಮೊದಲ ದಿನಾನೇ ಅನ್ನಿಸ್ತು. ಡ್ರಾಯರು ಮುಚ್ಚಿಬಿಟ್ಟೆ. ಬೈದಿದ್ದೆಲ್ಲ ನಿನ್ನೊಬ್ಬನಿಗೆ.” ಕಣ್ಣೀರು ಕೆನ್ನೆಗಿಳಿಯಿತು. “ಬರೀಬೇಡ ಅಂತ ನೀನು ಕೂಗದೆ ಇದ್ದಿದ್ರೆ ನಾನು ಬರೆದೇಬಿಡ್ತಿದ್ದೆ, ವೇಡ್.”

ಅವನು ಹಲ್ಲನ್ನು ಹೊರತೆಗೆದ. ಅಂಗೈಯಲ್ಲಿ ಅದು ಬಿಸಿಲಿಗೆ ಮಿಂಚಿತು. “ಇದನ್ನೇನು ಮಾಡ್ಲಿ?”

ನೆಲ್ ಚೀಲದಿಂದ ಹೊಸ ಚೀಟಿಯೊಂದನ್ನು ತೆಗೆದಳು. ಮ್ಯೂಸಿಯಂ ಮೆಟ್ಟಿಲ ಮೇಲೆ ನಿಂತೇ ಗೀಚಿದ ಚೀಟಿ. ಅಕ್ಷರ ಸೊಟ್ಟಸೊಟ್ಟಗಿತ್ತು.

ವೇಡ್ ಜೋರಾಗಿ ಓದಿದ. “ದೊಡ್ಡ ಶಾರ್ಕ್. ಪೂರ್ತಿ ಹಲ್ಲು. ಕರೋಲಿನಾದ ನದಿ ತಳ. ತೆಗೆದವನು ವೇಡ್ ಮ್ಯಾಟಿಂಗ್ಲಿ. ಕಳ್ಕೊಂಡ ಜಾಗ ವಿಲೋ ಹಳ್ಳದ ತಡಿ. ಎತ್ಕೊಂಡವಳು...” ಮುಂದೆ ಓದಲಾಗಲಿಲ್ಲ.

“ನೆಲ್ ಬಕ್ಲರ್,” ಅವಳು ಮುಗಿಸಿದಳು. “ಅದ್ರ ಕೆಳಗೆ ಇನ್ನೊಂದು ಸಾಲು ಸೇರ್ಸ್ತೀನಿ. ‘ತಂದಿದ್ದು ಆರಿನ್‌ಗೆ ತೋರಿಸೋಕೆ, ಬಾತುಕೋಳಿ.’ ಹದಿನೇಳನೇ ಡ್ರಾಯರಲ್ಲಿ ನಿನ್ನ ಕಿವಿಮೂಳೆ ಇದೆ ಗೊತ್ತಾ? ಅದ್ರ ಪಕ್ಕ ಇಡೋಣ.”

“ಇನ್ನೂ ಇಟ್ಕೊಂಡಿದ್ರಾ ಅದನ್ನ?” ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ. “ಮತ್ತೆ ಅವ್ರ ಹಳೇ ಚೀಟಿ?”

ನೆಲ್ ಅದನ್ನೂ ತೋರಿಸಿದಳು. ನಲವತ್ತು ವರ್ಷಗಳಿಂದ ಖಾಲಿಯಿದ್ದ ಜಾಗ ಈಗಲೂ ಖಾಲಿ.

“ಇದು ಹೀಗೇ ಇರ್ಲಿ. ಇಲ್ಲಿನ ಹಲ್ಲು ಇಲ್ಲೇ ಎಲ್ಲೋ ಇದೆ. ಹುಡುಕೋಣ.”

“ಹುಡುಕೋಣ ಅಂದ್ರೆ... ಇಬ್ರೂ?”

“ನಿಂಗೆ ಕಿವಿಮೂಳೆ ಇಲ್ವಾ? ಇಬ್ರೂ ಅಂದೆ.”

ಅವನು ಅವಳನ್ನು ಎದೆಗೊತ್ತಿಕೊಂಡ. ಈ ಸಲ ಆ ಕೈಗಳಿಗೆ ಎಲ್ಲಿಡಬೇಕೆಂಬ ಗೊಂದಲವಿರಲಿಲ್ಲ.

“ನಲವತ್ತು ವರ್ಷ ಆಗ್ಬಹುದು, ನೆಲ್.”

“ಆಗ್ಲಿ.”

“ಸಿಗದೇನೂ ಇರ್ಬಹುದು.”

“ಇರ್ಲಿ.” ಅವಳು ಅವನ ತೋಳಿನಿಂದ ಕೋಟನ್ನು ಎಳೆದುಕೊಂಡಳು. ಜೇಬಿನ ತೂತಿನಲ್ಲಿ ಬೆರಳು ತೂರಿಸಿ ಅವನ ಮುಖದ ಮುಂದೆ ಆಡಿಸಿದಳು. “ಮೊದಲು ಇದನ್ನ ಹೊಲೀಬೇಕು.”

“ಬೇಡ,” ಅಂದ ವೇಡ್, ಆ ಬೆರಳನ್ನು ಹಿಡಿದುಕೊಂಡು. “ಅದು ಹಾಗೇ ಇರ್ಲಿ. ಅದ್ರಿಂದಾನೇ ನೀನು ಸಿಕ್ಕಿದ್ದು.”